ಆಶ್ರಯ ಕೊಟ್ಟ ಪರದೇಶಿ: ಅಬ್ಬೆ ದುಬಾಯ್ ಅವರ ಚರಿತ್ರೆ

ಶ್ರೀರಂಗಪಟ್ಟಣದಿಂದ ಕನ್ನಂಬಾಡಿಯ ಕಡೆಗೆ ಹೋಗುವ ದಾರಿಯಲ್ಲಿ ಪಾಲಹಳ್ಳಿ ಎಂಬ ಗ್ರಾಮವಿರುವದು. ಅದರ ಸಮೀಪದಲ್ಲಿ ಕಾವೇರಿ ನದಿಯು ಕವಲೊಡೆದು ಹರಿದು, ನಡುವೆ ಸಣ್ಣ ಸಣ್ಣ ದಿಬ್ಬಗಳನ್ನು ಬಿಟ್ಟಿರುವದು. ಇವುಗಳಿಗೆ ರಂಗನತಿಟ್ಟು ಎಂದು ಹೆಸರು. ವರುಷವರುಷವೂ ನಾನಾ ಕಡೆಗಳಿಂದ ಹಕ್ಕಿಗಳು ಇಲ್ಲಿಗೆ ಬರುತ್ತವೆ. ಕೆಲವು ಗೂಡು ಕಟ್ಟಿ ಮರಿಮಾಡುತ್ತವೆ. ಕೆಲವು ಹಿಮ ಬೀಳುವ ದೂರದೇಶಗಳಿಂದ ಹೊರಟು ಬಂದು ಚಳಿಗಾಲವನ್ನು ಕಳೆದು ತಿರುಗಿ ಹೋಗುತ್ತವೆ. ಸುತ್ತಲೂ ನೀರಿರುವದರಿಂದ ಅವುಗಳಿಗೆ ಹಗೆಗಳ ಭಯವು ಕಡಿಮೆ. 1940ರಲ್ಲಿ ಮೈಸೂರು ಸರಕಾರದವರು ಈ ಸ್ಥಳವನ್ನು ಪಕ್ಷಿಗಳ ಆಶ್ರಯಸ್ಥಾನವಾಗಿ ಗೊತ್ತುಮಾಡಿ, ಅವುಗಳನ್ನು ಯಾರೂ ಹೊಡೆಯಕೂಡದೆಂದು ವಿಧಿಸಿದರು.

ಇದೇ ನೀರು ಸ್ವಲ್ಪ ಕೆಳಗೆ ಹರಿದು ಶ್ರೀರಂಗಪಟ್ಟಣದ ದ್ವೀಪವನ್ನು ಸುತ್ತುವರಿಯುವದು. ಸುಮಾರು 240 ವರುಷಗಳ ಹಿಂದೆ ಆ ದ್ವೀಪದೊಳಗೆ ಸಾವಿರಾರು ಮಂದಿ ಕ್ರೈಸ್ತರು, ಗಂಡಸರೂ ಹೆಂಗಸರೂ ಹಾಲು ಕುಡಿಯುವ ಕೂಸುಗಳೂ, ಸೆರೆಯಾಗಿದ್ದರು. ಹಕ್ಕಿಗಳಿಗೆ ಕೋಟೆಯಾಗಿರುವ ನೀರು ಅವರಿಗೆ ಸೆರೆಮನೆಯ ಗೋಡೆಯಾಗಿತ್ತು. ಆ ಸೆರೆಯು ಮುರಿದ ಮೇಲೆ ಚದರಿಹೋದ ಕುಟುಂಬಗಳನ್ನು ಕೂಡಿಸಿ ನೆಲೆಗೊಳಿಸುವದಕ್ಕೆ ಬಂದವರು ಪರದೇಶದ ಒಬ್ಬ ಪಾದ್ರಿಗಳು. ಅವರ ಹೆಸರು ಜಾನ್ ಆಂತ್ವಾನ್ ದುಬಾಯ್. ಫ್ರೆಂಚರು ಪಾದ್ರಿಗಳನ್ನು ಅಬ್ಬೆ ಎಂದು ಕರೆಯುವದರಿಂದ ಲೋಕವು ಅವರನ್ನು ಅಬ್ಬೆ ದುಬಾಯ್ ಎಂದು ಬಲ್ಲದು. ನಮ್ಮ ಕನ್ನಡ ಸೀಮೆಯ ಹಳ್ಳಿಗರಾದರೋ ದೊಡ್ಡಸ್ವಾಮಿಯವರು ಎಂದು ಕರೆದರು. ಅವರು ರೋಮನ್ ಕತೋಲಿಕರು. ನಮ್ಮ ಸಭೆಗೆ ಸೇರಿದವರಲ್ಲ. ನಮ್ಮ ಮಿಶನುಗಳ ಕೆಲಸವನ್ನು ಅವರು ಕಟುವಾಗಿ ಖಂಡಿಸಿಯೂ ಇದ್ದಾರೆ. ಆದರೂ ಪ್ರಿಯ ವಾಚಕರೇ, ಅವರ ಜೀವಿತದಿಂದ ನಾವು ಕಲಿಯತಕ್ಕದ್ದು ಬಹಳವಿರುವದು.

ದುಬಾಯ್ ಅವರು 1766ರ ಸುಮಾರಿಗೆ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ವಿವಾರೇ ಎಂಬ ಸೀಮೆಯಲ್ಲಿ ಸೇಂಟ್ ರೆಮೇಜ್ ಎಂಬ ಊರಲ್ಲಿ ಹುಟ್ಟಿದರು. ಈ ಸೀಮೆಯ ಹೆಸರನ್ನು ಪ್ರೊಟೆಸ್ಟಂಟರಾದ ನಾವು ಮರೆಯಲಾಗದು. ಫ್ರಾನ್ಸಿನ ಪ್ರೊಟೆಸ್ಟಂಟರಿಗೆ ಆರಾಧನೆಯ ಸ್ವಾತಂತ್ರ್ಯವನ್ನು ಕೊಟ್ಟಿದ್ದ 1598ರ ರಾಜಶಾಸನವನ್ನು ಹದಿನಾಲ್ಕನೆಯ ಲೂಯಿ ಅರಸನು 1685ರಲ್ಲಿ ರದ್ದುಮಾಡಿದನು. ದೇವಾಲಯಗಳು ಕೆಡವಲ್ಪಟ್ಟವು, ಬೋಧಕರು ಗಡೀಪಾರಾದರು, ದೇಶವನ್ನು ಬಿಟ್ಟು ಓಡಿಹೋಗುವಾಗ ಸಿಕ್ಕಿಬಿದ್ದ ಗಂಡಸರು ಹಡಗುಗಳಲ್ಲಿ ಹುಟ್ಟುಹಾಕುವ ಜೀತಕ್ಕೆ ಕಟ್ಟಲ್ಪಟ್ಟರು. ಹೀಗಿದ್ದರೂ ಸುಮಾರು 2 ಲಕ್ಷ ಜನರು ರಾತ್ರಿಯ ಕತ್ತಲಲ್ಲಿ ಮಕ್ಕಳನ್ನು ಎತ್ತಿಕೊಂಡು ಸ್ವಿಟ್ಜರ್ಲೆಂಡ್, ಜರ್ಮನಿ, ಹಾಲೆಂಡ್, ಇಂಗ್ಲೆಂಡ್ ದೇಶಗಳಿಗೆ ಹೋಗಿ ಆಶ್ರಯ ಬೇಡಿದರು. ಹೋಗದೆ ಉಳಿದವರು ಬೆಟ್ಟಗುಡ್ಡಗಳಲ್ಲಿ ಮರೆಯಾಗಿ ಕೂಡಿ ಆರಾಧಿಸಿದರು. ವಿವಾರೇ ಸೀಮೆಯಲ್ಲಿ ಇಂಥವರು ಬಹಳ ಮಂದಿ ಇದ್ದರು. ಆ ಸೀಮೆಯವಳಾದ ಮರಿ ದ್ಯುರಾಂಡ್ ಎಂಬ ಯುವತಿಯು 1730ರಲ್ಲಿ ಸೆರೆಗೆ ಹಾಕಲ್ಪಟ್ಟು, ಮತವನ್ನು ಬಿಡಲೊಪ್ಪದೆ, 38 ವರುಷ ಒಂದು ಬುರುಜಿನೊಳಗೆ ಕಳೆದು 1768ರಲ್ಲಿ ಮುದುಕಿಯಂತಾಗಿ ಹೊರಗೆ ಬಂದಳು. ಆಗ ದುಬಾಯ್ ಅವರು ಎರಡು ವರುಷದ ಕೂಸು.

ಅವರು ಬೆಳೆದು ಯೌವನಕ್ಕೆ ಬರುವಷ್ಟರಲ್ಲಿ ಕಾಲಚಕ್ರವು ತಿರುಗಿತು. 1787ರಲ್ಲಿ ಪ್ರೊಟೆಸ್ಟಂಟರಿಗೆ ಮದುವೆ ಮೊದಲಾದ ಹಕ್ಕುಗಳು ತಿರುಗಿ ದೊರೆತವು. 1789ರಲ್ಲಿ ಫ್ರಾನ್ಸಿನ ಪ್ರಜೆಗಳು ಅರಸೊತ್ತಿಗೆಯ ಮೇಲೆ ಎದ್ದರು. ಅನಂತರ ಹೊಸ ಸರಕಾರಕ್ಕೆ ಆಣೆಯಿಡಲೊಪ್ಪದ ಕತೋಲಿಕ ಪಾದ್ರಿಗಳ ಮೇಲೆ ಹಿಂಸೆಯು ಬಂದಿತು. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಪಟ್ಟಣದ ಸೆರೆಮನೆಗಳಲ್ಲಿ 200ಕ್ಕಿಂತ ಹೆಚ್ಚು ಪಾದ್ರಿಗಳು ಕೊಲ್ಲಲ್ಪಟ್ಟರು. ಸಾವಿರಾರು ಪಾದ್ರಿಗಳು ದೇಶವನ್ನು ಬಿಟ್ಟು ಓಡಿದರು. ಅವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟದ್ದು ಪ್ರೊಟೆಸ್ಟಂಟರ ಇಂಗ್ಲೆಂಡ್ ದೇಶವೇ. ಒಂದು ನೂರು ವರುಷದ ಹಿಂದೆ ಪ್ರೊಟೆಸ್ಟಂಟ್ ಕುಟುಂಬಗಳು ಬಂದು ಇಳಿದಿದ್ದ ಅದೇ ಇಂಗ್ಲಿಷ್ ಕರಾವಳಿಯಲ್ಲಿ ಈಗ ಕತೋಲಿಕ ಪಾದ್ರಿಗಳು ಬಂದು ಇಳಿದರು. ನಾವು ಇದನ್ನು ಕೇಳಿ ಉಬ್ಬಿಕೊಳ್ಳಬಾರದು. ಪ್ರೊಟೆಸ್ಟಂಟ್ ಅರಸರು ಇಂಗ್ಲೆಂಡಿನಲ್ಲಿಯೂ ಐರ್ಲೆಂಡಿನಲ್ಲಿಯೂ ಕತೋಲಿಕರನ್ನು ಪೀಡಿಸಿದ್ದೂ ಉಂಟು. ಅಧಿಕಾರವು ಕೈಗೆ ಬಂದಾಗ ಹಿಂಸಿಸದೆ ಇದ್ದ ಪಂಗಡವು ಅಪರೂಪ.

ಆ 1792ರಲ್ಲಿಯೇ ದುಬಾಯ್ ಅವರು ಪಾದ್ರಿಯ ಅಭಿಷೇಕವನ್ನು ಹೊಂದಿ, ಪ್ಯಾರಿಸಿನ ವಿದೇಶ ಮಿಶನ್ ಸಂಘದವರಿಂದ ಕಳುಹಿಸಲ್ಪಟ್ಟು ಹಡಗು ಹತ್ತಿದರು. ಸ್ವದೇಶದಲ್ಲಿಯೇ ನಿಂತಿದ್ದರೆ ಅವರ ಪ್ರಾಣವು ಉಳಿಯುತ್ತಿತ್ತೆಂದು ಹೇಳುವ ಹಾಗಿರಲಿಲ್ಲ. ಪುದುಚೇರಿಯಲ್ಲಿ ಇಳಿದು ಕೆಲವು ವರುಷ ತಮಿಳು ಸೀಮೆಯಲ್ಲಿ ಕೆಲಸಮಾಡಿದರು. ಜನರೊಂದಿಗೆ ಬೆರೆಯಬೇಕಾದರೆ ಜನರಂತೆ ಇರಬೇಕೆಂದು ತಿಳಿದು, ಯೂರೋಪಿನವರ ಸಹವಾಸವನ್ನು ಬಿಟ್ಟು, ಈ ದೇಶದವರ ಉಡುಪನ್ನು ಉಟ್ಟು, ಮಾಂಸಾಹಾರವನ್ನು ತೊರೆದು, ಹಳ್ಳಿಹಳ್ಳಿಗೆ ನಡೆದು, ಭಾಷೆಗಳನ್ನು ಅಭ್ಯಾಸಮಾಡಿದರು.

ಇನ್ನು ಶ್ರೀರಂಗಪಟ್ಟಣದ ಸೆರೆಯವರ ವಿಷಯವನ್ನು ಹೇಳಬೇಕು. ಇವರು ಮಂಗಳೂರು, ಬಾರಕೂರು ಮೊದಲಾದ ಕನ್ನಡ ಜಿಲ್ಲೆಯ ಕರಾವಳಿಯ ಕತೋಲಿಕರು. ಹೆಚ್ಚಾಗಿ ಕೊಂಕಣಿ ಮಾತಾಡುವ ಬೇಸಾಯಗಾರರು. ಇವರ ಪೂರ್ವಿಕರು ಗೋವೆಯ ಕಡೆಯಿಂದ ಬಂದವರಾಗಿದ್ದರು. 1780ರಿಂದ 1784ರ ವರೆಗೆ ಇಂಗ್ಲಿಷರಿಗೂ ಮೈಸೂರಿಗೂ ನಡೆದ ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ನೆರವಾದರೆಂದು ಟೀಪು ಸುಲ್ತಾನನು ಸಂಶಯಪಟ್ಟನು. 1784ರ ಲೆಂತ್ ಕಾಲದ ಮೊದಲನೆಯ ದಿನವಾದ ಬೂದಿ ಬುಧವಾರ ಇವರನ್ನು ಹಿಡಿಸಿದನೆಂದು ಅವರ ಪರಂಪರೆಯು ಹೇಳುವದು. ಗುಡಿಗಳು ನೆಲಸಮವಾದವು, ಹೊಲಮನೆಗಳು ಪರರ ಪಾಲಾದವು, ಜನರು ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡಿಸಲ್ಪಟ್ಟರು. ದಾರಿಯಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತವರು ಬಹಳ. ಒಟ್ಟು ಎಷ್ಟು ಮಂದಿಯೆಂಬದರಲ್ಲಿ ಬರಹಗಾರರು ಒಮ್ಮತವಾಗಿಲ್ಲ. ಕೆಲವರು 30,000 ಎಂದೂ ದುಬಾಯ್ ಮೊದಲಾದವರು 60,000 ಎಂದೂ ಲೆಕ್ಕ ಹೇಳಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಅವರಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿಸಿ ಹೊಸ ಹೆಸರುಗಳನ್ನು ಇಟ್ಟರು; ಯೌವನಸ್ಥರನ್ನು ದಂಡಿಗೆ ಸೇರಿಸಿದರು.

ಇದನ್ನು ಹೇಳುವಾಗ ನ್ಯಾಯವನ್ನು ತಪ್ಪಬಾರದು. ಅದೇ ಸುಲ್ತಾನನು ಶೃಂಗೇರಿಯ ಮಠಕ್ಕೂ ಶ್ರೀರಂಗಪಟ್ಟಣದ ರಂಗನಾಥನ ಗುಡಿಗೂ ಕಾಣಿಕೆಗಳನ್ನು ಕೊಟ್ಟವನು. ಅವನ ಕೃತ್ಯಕ್ಕೆ ರಾಜಕಾರಣವೆಷ್ಟು ಮತಾಭಿಮಾನವೆಷ್ಟು ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಸತ್ತುಹೋದ ಅರಸನ ಕೃತ್ಯವನ್ನು ನಮ್ಮ ನೆರೆಮನೆಯ ಮುಸಲ್ಮಾನನ ಲೆಕ್ಕಕ್ಕೆ ಬರೆಯುವದು ಅನ್ಯಾಯ. ಆದರೆ ಕೆಲವರು ಮಾಡಿದರೆಂದು ಎಣಿಸಿದ ತಪ್ಪಿಗೆ ಕೂಸುಗಳು ಸಹಿತವಾಗಿ ಮನೆಮನೆಗಳೇ ದಂಡನೆಯನ್ನು ಹೊತ್ತವೆಂಬದು ಮಾತ್ರ ಅಳಿಸಲಾಗದ ಸಂಗತಿ.

ಕೆಲವು ಕುಟುಂಬಗಳು ತಪ್ಪಿಸಿಕೊಂಡು ಓಡಿದವು. ಅವುಗಳಿಗೆ ಬಾಗಲನ್ನು ತೆರೆದವರಲ್ಲಿ ಕೊಡಗಿನ ಅರಸನಾದ ದೊಡ್ಡ ವೀರರಾಜೇಂದ್ರನ ಹೆಸರು ದೊಡ್ಡದು. ಅವನು ಲಿಂಗಾಯತ ಮತದವನು. ಅವನೂ ಕುಟುಂಬ ಸಹಿತವಾಗಿ ಪಿರಿಯಾಪಟ್ಟಣದಲ್ಲಿ ಸೆರೆಯಾಗಿದ್ದು 1788ರ ಕೊನೆಯಲ್ಲಿ ತಪ್ಪಿಸಿಕೊಂಡು ಬಂದವನು. ಸೆರೆಯ ರುಚಿಯನ್ನು ಕಂಡವನಾದದರಿಂದ, ತನ್ನ ಗಡಿಯನ್ನು ದಾಟಿ ಬಂದ ಕ್ರೈಸ್ತರನ್ನು ಅವನು ಹಿಂದಕ್ಕೆ ಅಟ್ಟಲಿಲ್ಲ. 1792ರಲ್ಲಿ ವೀರರಾಜಪೇಟೆಯನ್ನು ಕಟ್ಟಿಸಿದಾಗ ಅವರಿಗೆ ಅಲ್ಲಿ ನೆಲವನ್ನು ಕೊಟ್ಟು, ಅವರು ದೇವಾಲಯ ಕಟ್ಟುವದಕ್ಕೂ ಸಹಾಯಮಾಡಿದನು. ಸಂತ ಅನ್ನಮ್ಮನವರ ಹೆಸರುಳ್ಳ ಆ ದೇವಾಲಯವು ಇಂದಿಗೂ ಆ ಊರಲ್ಲಿ ನಿಂತಿರುವದು. ನಮ್ಮ ಮತವನ್ನು ಅರಿಯದವನು ನಮ್ಮವರಿಗೆ ಆಶ್ರಯ ಕೊಟ್ಟದ್ದನ್ನು ನಾವು ಕೃತಜ್ಞತೆಯಿಂದ ನೆನಸತಕ್ಕದ್ದು.

1799ರ ಮೇ 4ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಸುಲ್ತಾನನು ಕಾಳಗದಲ್ಲಿ ಮಡಿದನು. ಸೆರೆಯ ಬಾಗಲುಗಳು ತೆರೆದವು. ಆದರೆ 15 ವರುಷಗಳು ಕಳೆದುಹೋಗಿದ್ದವು. ನಡೆದು ಬಂದಿದ್ದ ಹುಡುಗನು ಮಕ್ಕಳ ತಂದೆಯಾಗಿದ್ದನು. ಅಲ್ಲಿಯೇ ಹುಟ್ಟಿದ ಮಕ್ಕಳಿಗೆ ಸಮುದ್ರತೀರದ ಊರು ಹೆಸರು ಮಾತ್ರವಾಗಿತ್ತು. ಆಗ ಈ ಜನರನ್ನು ಕೂಡಿಸುವದಕ್ಕೆ ಬರಬೇಕೆಂದು ದುಬಾಯ್ ಅವರಿಗೆ ಕರೆ ಬಂದಿತು. ಅವರು ಮೈಸೂರು ಸೀಮೆಗೆ ಬಂದರು. ಶ್ರೀರಂಗಪಟ್ಟಣದ ದ್ವೀಪದಲ್ಲಿಯೇ ಇರುವ ಗಂಜಾಮಿನಲ್ಲಿ 1800ರಲ್ಲಿ ಒಂದು ದೇವಾಲಯವನ್ನು ಕಟ್ಟಿಸಿದರು.

ಬಂದವರ ಮುಂದೆ ಒಂದು ಕಠಿಣವಾದ ಪ್ರಶ್ನೆಯಿತ್ತು. ಈ ಜನರು ಕತ್ತಿಯ ಭಯದಿಂದ ಕ್ರಿಸ್ತನ ಹೆಸರನ್ನು ಬಿಟ್ಟವರಾಗಿದ್ದರು. ಅವರನ್ನು ತಿರುಗಿ ಸಭೆಯಲ್ಲಿ ಸೇರಿಸಬಹುದೋ? ನಾವು ಬಿಟ್ಟದ್ದು ಹೊರಗೆ ಮಾತ್ರ, ಹೃದಯದೊಳಗೆ ನಂಬಿಕೆಯನ್ನು ಇಟ್ಟುಕೊಂಡಿದ್ದೆವು ಎಂದು ಅವರು ಅರಿಕೆಮಾಡಿದರು. ಹೃದಯವನ್ನು ತೆರೆದು ನೋಡುವ ಶಕ್ತಿಯು ಯಾವ ಪಾದ್ರಿಗೆ ಇರುವದು? ದುಬಾಯ್ ಅವರು ಅವರನ್ನು ಅಂಗೀಕರಿಸಿದರು. ಹೀಗೆ ತಮ್ಮ ಬಳಿಗೆ ಬಂದವರು ಸುಮಾರು 2,000 ಎಂದೂ, ಮಂಗಳೂರಿನ ಕಡೆಗೆ ತಿರುಗಿ ಹೋಗಿ ಕೆಡವಲ್ಪಟ್ಟ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡವರು ಹತ್ತಿರ ಹತ್ತಿರ 20,000 ಎಂದೂ ಅವರು ಅನಂತರ ಬರೆದರು. ಬೇರೆಯವರ ಲೆಕ್ಕಗಳು ಇದಕ್ಕಿಂತ ಕಡಿಮೆಯಾಗಿವೆ.

ಆದರೆ ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕೈಯಿಂದ ಅವರನ್ನು ಅಂಗೀಕರಿಸಿದ ದುಬಾಯ್ ಅವರು ಲೇಖನಿಯಿಂದ ಅವರನ್ನು ಕ್ಷಮಿಸಲಿಲ್ಲ. ಅಷ್ಟು ಜನರಲ್ಲಿ ಒಬ್ಬನಾದರೂ ಧೈರ್ಯದಿಂದ ನಿಂತು ರಕ್ತಸಾಕ್ಷಿಯಾಗಲಿಲ್ಲವೆಂದೂ, ಅಂಥ ಶೋಧನೆಯು ತಿರುಗಿ ಬಂದರೆ ತಿರುಗಿ ಹಾಗೆಯೇ ಬೀಳುವರೆಂದೂ ಅವರು ಬರೆದಿಟ್ಟರು. ಮಕ್ಕಳ ಕೊರಳ ಮೇಲೆ ಕತ್ತಿಯಿರುವಾಗ ತಂದೆಯಾದವನು ಏನು ಮಾಡುವನೆಂಬದನ್ನು ಮಕ್ಕಳಿಲ್ಲದ ಅವರು ಸರಿಯಾಗಿ ತೂಗಿದರೋ ಇಲ್ಲವೋ ನಾವು ಹೇಳಲಾರೆವು. ಮರಿ ದ್ಯುರಾಂಡಳಂತೆ 38 ವರುಷ ನಿಲ್ಲುವ ಬಲವು ಎಲ್ಲರಿಗೂ ದೊರೆಯುವದಿಲ್ಲ. ಪೇತ್ರನೇ ಚಳಿ ಕಾಯಿಸಿಕೊಳ್ಳುವ ಬೆಂಕಿಯ ಬಳಿಯಲ್ಲಿ ಮೂರು ಸಾರಿ ಅಲ್ಲಗಳೆದವನು. ಅವನ ಕರ್ತನು ಅವನನ್ನು ಕಳೆದುಬಿಡಲಿಲ್ಲ. ದುಬಾಯ್ ಅವರ ಬರಹವು ಕಠಿಣವಾಗಿದ್ದರೂ ಅವರ ಕೃತ್ಯವು ಕರ್ತನ ಕೃತ್ಯವನ್ನು ಹೋಲಿತು.

ಅಂಗೀಕರಿಸಿದರೆ ಸಾಲದು, ಅನ್ನವೂ ನೆಲವೂ ಬೇಕು. ದುಬಾಯ್ ಅವರು ತಮ್ಮ ಸಭೆಯ ಬಡವರಿಗಾಗಿ ಬೇಸಾಯದ ಊರುಗಳನ್ನು ನೆಲೆಗೊಳಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಹತ್ತಿರವಿರುವ ಸತ್ತಿಹಳ್ಳಿ. ಇದನ್ನು ನಮ್ಮ ಹಳ್ಳಿಯ ಸಭೆಗಳವರು ಚೆನ್ನಾಗಿ ತಿಳಿಯಬಲ್ಲರು. ಜಾತಿಯಿಂದ ಹೊರಗಾಗಿ, ಬಾವಿಯೂ ಕಣವೂ ಇಲ್ಲದೆ ನಿಂತ ಮನೆಯವನಿಗೆ ಒಂದು ಜೊತೆ ಎತ್ತೂ ಒಂದು ತುಂಡು ಹೊಲವೂ ದೊರೆತರೆ ಅವನ ಬೆನ್ನು ನೆಟ್ಟಗಾಗುವದು.

ಆ ಕಾಲದಲ್ಲಿ ಸಿಡುಬಿನ ಬೇನೆಯು ಹಳ್ಳಿಗಳನ್ನು ಬರಿದುಮಾಡುತ್ತಿತ್ತು. 1798ರಲ್ಲಿ ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು ಹಸುವಿನ ಸಿಡುಬಿನ ರಸವನ್ನು ತೋಳಿಗೆ ಹಾಕಿದರೆ ಮನುಷ್ಯನಿಗೆ ಆ ಬೇನೆಯು ತಗಲದೆಂದು ಪ್ರಕಟಿಸಿದ್ದನು. 1802ರಲ್ಲಿ ಆ ರಸವು ಮುಂಬಯಿಗೆ ಮುಟ್ಟಿತು. ಆಗ ಶೀತಲ ಪೆಟ್ಟಿಗೆಗಳಿರಲಿಲ್ಲ. ಒಬ್ಬನ ತೋಳಿನಲ್ಲಿ ಎದ್ದ ಬೊಬ್ಬೆಯಿಂದ ಮತ್ತೊಬ್ಬನ ತೋಳಿಗೆ ಹಾಕುತ್ತಾ ಊರಿಂದೂರಿಗೆ ಅದನ್ನು ಜೀವಂತವಾಗಿ ಸಾಗಿಸಬೇಕಾಗಿತ್ತು. ಜನರು ಹೆದರಿದರು, ಅಮ್ಮನ ಕೋಪ ಬರುವದೆಂದು ಮಕ್ಕಳನ್ನು ಅಡಗಿಸಿದರು. ದುಬಾಯ್ ಅವರು ಮನೆಮನೆಗೆ ಹೋಗಿ ಒಡಂಬಡಿಸಿದರು. 1803–04ರಲ್ಲಿ ಅವರ ಕೈಕೆಳಗೆ 25,000ಕ್ಕಿಂತ ಹೆಚ್ಚು ಜನರು ಹೀಗೆ ದೇವಿ ಹಾಕಿಸಿಕೊಂಡರು. ಇವರಲ್ಲಿ ಕ್ರೈಸ್ತರೆಷ್ಟು ಮಂದಿಯೆಂದು ಸಿಡುಬು ವಿಚಾರಿಸಲಿಲ್ಲ, ದೊಡ್ಡಸ್ವಾಮಿಯವರೂ ವಿಚಾರಿಸಲಿಲ್ಲ.

ಅವರ ಹೆಸರು ಲೋಕದಲ್ಲಿ ಹಬ್ಬಿದ್ದು ಒಂದು ಗ್ರಂಥದಿಂದ. ಹಿಂದೂ ಜನರ ನಡೆನುಡಿ ಆಚಾರಗಳನ್ನು ಕುರಿತ ಅವರ ಕೈಬರಹವನ್ನು 1807ರಲ್ಲಿ ಇಂಗ್ಲಿಷ್ ಕಂಪೆನಿಯವರು 2,000 ವರಹಗಳಿಗೆ ಕೊಂಡುಕೊಂಡರು. 1816ರಲ್ಲಿ ಅದು ಲಂಡನಿನಲ್ಲಿ ಅಚ್ಚಾಯಿತು. ಬಹುಕಾಲ ಎಲ್ಲರೂ ಅದನ್ನು ಕೊಂಡಾಡಿದರು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು ಶೋಧಿಸಿ, 1779ರಲ್ಲಿ ತೀರಿಹೋದ ಕೂರ್ದೂ ಎಂಬ ಜೆಸುವಿಟ್ ಪಾದ್ರಿಗಳ ಕೈಬರಹದಿಂದ ಅದರ ಬಹುಭಾಗವು ಬಂದದ್ದೆಂದು 1987ರಲ್ಲಿ ತೋರಿಸಿಕೊಟ್ಟಳು. ಸತ್ತವರ ದುಡಿಮೆಯನ್ನು ಅವರ ಹೆಸರಿಲ್ಲದೆ ತನ್ನದಾಗಿ ಕೊಟ್ಟದ್ದು ಸಣ್ಣ ದೋಷವಲ್ಲ. ಒಳ್ಳೇ ಮನುಷ್ಯರ ಚರಿತ್ರೆಯಲ್ಲಿಯೂ ಇಂಥ ಕಲೆಗಳಿರುವವು. ಅವುಗಳನ್ನು ಮುಚ್ಚುವದು ಚರಿತ್ರೆಗೆ ಭೂಷಣವಲ್ಲ.

ವರುಷಗಳು ಕಳೆದಂತೆ ಅವರ ಮನಸ್ಸು ಕುಗ್ಗಿತು. ಮೂವತ್ತು ವರುಷ ದುಡಿದು ತಾನು ಹೊಸದಾಗಿ ಸೇರಿಸಿದವರು 200 ಅಥವಾ 300 ಮಂದಿ ಮಾತ್ರವೆಂದೂ, ಅವರಲ್ಲಿಯೂ ಹೆಚ್ಚಿನವರು ಹೊಲೆಯರೂ ಭಿಕ್ಷುಕರೂ ಗತಿಯಿಲ್ಲದವರೂ ಎಂದೂ ನಿಟ್ಟುಸಿರಿಟ್ಟರು. ಈ ದೇಶದವರನ್ನು ಕ್ರಿಸ್ತನ ಕಡೆಗೆ ತಿರುಗಿಸುವದು ಅಸಾಧ್ಯವೆಂದೂ, ಪ್ರೊಟೆಸ್ಟಂಟ್ ಮಿಶನುಗಳವರು ಬೈಬಲನ್ನು ದೇಶಭಾಷೆಗಳಲ್ಲಿ ಅಚ್ಚುಹಾಕಿ ಹಂಚುವದು ವ್ಯರ್ಥವೆಂದೂ ನಿರ್ಣಯಿಸಿದರು. 1823ರ ಜನವರಿಯಲ್ಲಿ ಈ ದೇಶವನ್ನು ಬಿಟ್ಟು ಹೋದರು. ಕಂಪೆನಿಯವರು ಅವರಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿದರು. ಅದೇ ವರುಷ ಈ ಅಭಿಪ್ರಾಯಗಳನ್ನು ಪತ್ರಗಳ ರೂಪದಲ್ಲಿ ಲಂಡನಿನಲ್ಲಿ ಪ್ರಕಟಿಸಿದರು. ಮರುವರುಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರೊಟೆಸ್ಟಂಟ್ ಬೋಧಕರು ಅವುಗಳಿಗೆ ಪುಸ್ತಕಗಳಿಂದ ಉತ್ತರಕೊಟ್ಟರು.

ಆದರೆ ನಿಜವಾದ ಉತ್ತರವು ಪುಸ್ತಕದಿಂದ ಬರಲಿಲ್ಲ. 1831ರ ಹೊತ್ತಿಗೆ ಬಳ್ಳಾರಿಯ ಹ್ಯಾಂಡ್ಸ್ ಪಾದ್ರಿಗಳ ಪ್ರಯಾಸದಿಂದ ಕನ್ನಡ ಬೈಬಲು ಪೂರ್ಣವಾಗಿ ಅಚ್ಚಾಯಿತು. 1834ರಲ್ಲಿ, ಹಿಂದೆ ಫ್ರಾನ್ಸಿನ ಪ್ರೊಟೆಸ್ಟಂಟರಿಗೆ ಆಶ್ರಯ ಕೊಟ್ಟಿದ್ದ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನಿನವರು ಮಂಗಳೂರಿಗೆ ಬಂದು ಇಳಿದರು. ಅನಂತರ ಹಳ್ಳಿಹಳ್ಳಿಗಳಲ್ಲಿ ಸಣ್ಣ ಸಣ್ಣ ಸಭೆಗಳು ಹುಟ್ಟಿದವು. ಅವುಗಳಲ್ಲಿ ಹೆಚ್ಚಿನವರು ಯಾರು? ದುಬಾಯ್ ಅವರು ಲೆಕ್ಕಕ್ಕೆ ತಂದುಕೊಳ್ಳದೆ ಹೋದ ಗತಿಯಿಲ್ಲದವರೇ. ಪ್ರಿಯರೇ, ಅವರ ಪತ್ರಕ್ಕೆ ಉತ್ತರವಾಗಿ ಬರೆಯಲ್ಪಟ್ಟ ಪತ್ರವು ನೀವೇ. ಗತಿಯಿಲ್ಲದವನು ಆಶ್ರಯಕ್ಕಾಗಿ ಸಭೆಗೆ ಬರುವದನ್ನು ಅವರು ಕುಂದೆಂದು ಎಣಿಸಿದರು. ಆದರೆ ಆಶ್ರಯ ಬೇಡದೆ ಕ್ರಿಸ್ತನ ಬಳಿಗೆ ಬಂದವನು ಯಾವನು? ಕ್ರಿಸ್ತನೇ ಕೂಸಾಗಿದ್ದಾಗ ಹೆರೋದನ ಕತ್ತಿಗೆ ತಪ್ಪಿಸಲ್ಪಟ್ಟು ತಂದೆತಾಯಿಗಳ ಸಂಗಡ ಐಗುಪ್ತದೇಶದಲ್ಲಿ ಪರದೇಶಿಯಾಗಿದ್ದನಲ್ಲವೋ?

ದುಬಾಯ್ ಅವರು ಪ್ಯಾರಿಸಿಗೆ ಹೋದ ಮೇಲೆ ಸುಮ್ಮನೆ ಕೂಡ್ರಲಿಲ್ಲ. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ತಮ್ಮನ್ನು ಕಳುಹಿಸಿದ ಸಂಘಕ್ಕೆ 1836ರಿಂದ 1839ರ ವರೆಗೆ ಮುಖ್ಯಸ್ಥರಾಗಿದ್ದು, ಈ ದೇಶಕ್ಕೆ ಬರುವ ತರುಣ ಪಾದ್ರಿಗಳನ್ನು ಸಿದ್ಧಮಾಡಿದರು. ಅಸಾಧ್ಯವೆಂದು ಬರೆದ ಕೆಲಸಕ್ಕೆ ಬೇರೆಯವರನ್ನು ಕಳುಹಿಸುತ್ತಲೇ ಇದ್ದರು. 1848ರ ಫೆಬ್ರವರಿ 17ರಲ್ಲಿ, ಎಂಭತ್ತು ದಾಟಿದ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ತೀರಿಹೋದರು. ಕೆಲವೇ ದಿನಗಳಲ್ಲಿ ಆ ಪಟ್ಟಣದಲ್ಲಿ ಮತ್ತೊಂದು ದಂಗೆಯೆದ್ದು ಫ್ರಾನ್ಸಿನ ಅರಸನು ಸಿಂಹಾಸನವನ್ನು ಬಿಟ್ಟು ಇಂಗ್ಲೆಂಡಿಗೆ ಓಡಿದನು. ಆಶ್ರಯ ಬೇಡುವ ಸರದಿಯು ಅರಸರಿಗೂ ಬಂತು.

ವಾಚಕರೇ, ಈ ಚರಿತ್ರೆಯಲ್ಲಿ ಎಷ್ಟು ಬಾಗಲುಗಳು ಮುಚ್ಚಿ ತೆರೆದವೆಂದು ನೋಡಿದಿರಿ. ಇಂದಿಗೂ ಲೋಕದಲ್ಲಿ ಮತದ ನಿಮಿತ್ತ ಮನೆಯನ್ನು ಬಿಟ್ಟು, ಮಕ್ಕಳ ಕೈಹಿಡಿದು, ಅನ್ಯದೇಶದ ಗಡಿಯಲ್ಲಿ ನಿಂತು ಆಶ್ರಯ ಬೇಡುವ ಕುಟುಂಬಗಳಿವೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ, ಬೇರೆ ಮತದವರೂ ಇದ್ದಾರೆ. ಅವರೆಲ್ಲರ ಬಳಿಗೆ ನಾವು ಹೋಗಲಾರೆವು. ಆದರೆ ನಮ್ಮ ಹಳ್ಳಿಗೆ ನೆಲೆಯಿಲ್ಲದ ಒಂದು ಮನೆಯವರು ಬಂದಾಗ, ಅವರ ಜಾತಿಮತಗಳನ್ನು ಕೇಳುವ ಮೊದಲು ನೀರನ್ನೂ ಅನ್ನವನ್ನೂ ಕೊಡುವದು ನಮ್ಮ ಕೈಯಲ್ಲಿರುವದು. ಹೆದರಿಕೆಯಿಂದಲೋ ನೆಂಟರ ಒತ್ತಾಯದಿಂದಲೋ ಸಭೆಯನ್ನು ಬಿಟ್ಟುಹೋದವನು ಒಂದು ಭಾನುವಾರ ನಾಚಿಕೆಯಿಂದ ಬಂದು ಬಾಗಲ ಬಳಿಯಲ್ಲಿ ನಿಂತರೆ, ಅವನಿಗೆ ಚಾಪೆಯಲ್ಲಿ ಸ್ಥಳಮಾಡಿಕೊಡುವದೂ ನಮ್ಮ ಕೈಯಲ್ಲಿರುವದು. ದೊಡ್ಡಸ್ವಾಮಿಯವರು ಬರೆದದ್ದನ್ನು ಈಗ ಪಂಡಿತರು ಮಾತ್ರ ಓದುತ್ತಾರೆ. ಅವರು ಅಂಗೀಕರಿಸಿದವರ ಮಕ್ಕಳ ಮಕ್ಕಳಾದರೋ ಈ ನಾಡಿನ ಹೊಲಗಳಲ್ಲಿ ಉತ್ತು ಬಿತ್ತಿ ಬಾಳಿದರು.